ಇಂಪಾಲಾ ಬಿಳಿ ಹೊಗೆ ಬಿಡುತ್ತಿದೆ, ಗೇರ್ ಆಯಿಲ್ ಎಲ್ಲಿಗೆ ಹೋಗುತ್ತಿದೆ ಗೊತ್ತಿಲ್ಲ (1965, ಪವರ್‌ಗ್ಲೈಡ್, ಮುಂಬೈ)

ಚೆಂಬೂರ್ ಮಾಣಿ:

ಎಲ್ಲರಿಗೂ ನಮಸ್ಕಾರ. ಗಾಡಿ ನಮ್ಮ ಮಾವನವರದು. 1965ರ ಷೆವರ್ಲೆ ಇಂಪಾಲಾ, ನಾಲ್ಕು ಬಾಗಿಲು, 283 ಕ್ಯೂಬಿಕ್ ಇಂಚಿನ ವಿ8 (ಎಂಟು ಸಿಲಿಂಡರ್) ಇಂಜಿನ್, ಎರಡೇ ಗೇರಿನ ಪವರ್‌ಗ್ಲೈಡ್ ಆಟೋಮ್ಯಾಟಿಕ್, ಸ್ಟೀರಿಂಗ್ ಎಡಗಡೆ. ಮಾವನವರಿಗೆ ಈಗ ಓಡಿಸಲು ಆಗುವುದಿಲ್ಲ. ಕೀಲಿಕೈ ನನಗೆ ಕೊಟ್ಟಿದ್ದಾರೆ, ಜೊತೆಗೆ ತಲೆನೋವನ್ನೂ.

ಮಳೆಗಾಲ ಪೂರ್ತಿ ಹೊದಿಕೆ ಹಾಕಿ ನಿಲ್ಲಿಸಿದ್ದೆವು. ಆಯುಧಪೂಜೆಗೆ ಅಂತ ತೆಗೆದಾಗ ಸ್ಟಾರ್ಟ್ ಏನೋ ಚೆನ್ನಾಗಿಯೇ ಆಯಿತು. ಸ್ವಲ್ಪ ಹೊತ್ತಿನಲ್ಲಿ ಸೈಲೆನ್ಸರ್‌ನಿಂದ ಬಿಳಿ ಹೊಗೆ ಶುರು. ಅಮರ್ ಮಹಲ್ ಸಿಗ್ನಲ್‌ನಲ್ಲಿ ನಿಂತರೆ ಹಿಂದಿನ ರಿಕ್ಷಾದವನು ಕಾಣುವುದಿಲ್ಲ, ಬೈಗುಳ ಮಾತ್ರ ಕೇಳುತ್ತದೆ. ಈಸ್ಟರ್ನ್ ಫ್ರೀವೇಯಲ್ಲಿ ಒಂದೇ ವೇಗದಲ್ಲಿ ಹೋದರೆ ಹೊಗೆ ಕಡಿಮೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿಜಾರು ಇಳಿದು ಮತ್ತೆ ಒತ್ತಿದರೆ ಹಿಂದೆ ದೊಡ್ಡ ಮೋಡ.

ಇನ್ನೊಂದು ವಿಷಯ. ಗೇರ್‌ಬಾಕ್ಸ್ ಆಯಿಲ್ ಇಳಿಯುತ್ತಿದೆ. ತುಂಬಿಸಿದರೆ ಮತ್ತೆ ಇಳಿಯುತ್ತದೆ. ಕೆಳಗೆ ರಟ್ಟು ಹಾಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಹಿಂಭಾಗದಲ್ಲಿ ಒಂದು ಸಣ್ಣ ಕಲೆ, ಅಷ್ಟೇ. ರೇಡಿಯೇಟರ್ ನೀರು, ಇಂಜಿನ್ ಆಯಿಲ್ ಎರಡೂ ಇದ್ದಷ್ಟೇ ಇವೆ.

ಗ್ಯಾರೇಜಿನ ಮಿಸ್ತ್ರಿ ಹೊಗೆ ನೋಡಿದವನೇ "ರಿಂಗ್ ಹೋಗಿದೆ, ಇಂಜಿನ್ ಇಳಿಸಿ ಬೋರ್ ಮಾಡಿಸಬೇಕು" ಅಂದ (ರಿಂಗ್ ಅಂದರೆ ಪಿಸ್ಟನ್ ಸುತ್ತ ಇದ್ದು ಇಂಜಿನ್ ಆಯಿಲ್ ಮೇಲೆ ಬಾರದಂತೆ ತಡೆಯುವ ಬಳೆ). ಗೇರ್ ಆಯಿಲ್ ವಿಷಯ ಕೇಳಿದ್ದಕ್ಕೆ "ಅದು ಬೇರೆ ಕೆಲಸ, ಅದನ್ನೂ ಬಿಚ್ಚೋಣ" ಅಂದ. ಅವನು ಹೇಳಿದ ಮೊತ್ತ ಇಲ್ಲಿ ಬರೆಯುವುದಿಲ್ಲ, ಮನೆಯವರೂ ಇದನ್ನು ಓದುತ್ತಾರೆ. ಎರಡೂ ಒಂದೇ ಸಲ ಕೆಡುತ್ತವಾ? ಇಂಜಿನ್ ಇಳಿಸುವ ಮುಂಚೆ ನಾನೇ ನೋಡಬಹುದಾದದ್ದು ಏನಾದರೂ ಇದೆಯಾ?

ಡೊಂಬಿವಲಿ ಡೀಸೆಲ್:

ಬಿಳಿ ಅಂದರೆ ಎಂಥ ಬಿಳಿ? ಆವಿ ಥರ ಬೇಗ ಕರಗುತ್ತದಾ, ಅಲ್ಲೇ ತೇಲಾಡುತ್ತದಾ? ವಾಸನೆ ಹೇಗಿದೆ?

ಪದ್ಮಿನಿ ಪ್ರಿಯ:

ಸಾರ್, ನಮ್ಮ ಅಪ್ಪ ಕಾಲಿ ಪೀಲಿ (ಕಪ್ಪು ಹಳದಿ ಟ್ಯಾಕ್ಸಿ) ಓಡಿಸುತ್ತಿದ್ದರು. 2023ರ ಅಕ್ಟೋಬರ್‌ನಲ್ಲಿ ಮುಂಬೈ ರಸ್ತೆಯಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ ಹೋಯಿತಲ್ಲ, ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಹೊಗೆ ಅಂದರೆ ನಮಗೆ ಗೊತ್ತು. ಹಳೇ ಪೆಟ್ರೋಲ್ ಗಾಡಿ ಹೊಗೆ ಬಿಟ್ಟರೆ ಒಂದೋ ರಿಂಗ್, ಇಲ್ಲ ವಾಲ್ವ್ ಗೈಡ್ (ವಾಲ್ವ್ ಕಡ್ಡಿ ಆಡುವ ಕೊಳವೆ). ಮಿಸ್ತ್ರಿ ಸುಮ್ನೆ ಹೇಳಿರಲ್ಲ. ಮೇಲಿಂದ ಈಗ ಎಲ್ಲ ಬಂಕ್‌ನಲ್ಲೂ ಇ20 ಪೆಟ್ರೋಲ್ (ಶೇಕಡ 20 ಎಥೆನಾಲ್ ಸೇರಿಸಿದ್ದು). ಹಳೇ ರಬ್ಬರ್ ಎಲ್ಲ ತಿಂದು ಹಾಕುತ್ತದೆ.

ಚೆಂಬೂರ್ ಮಾಣಿ:

ಡೀಸೆಲ್ ಸಾರ್, ಆವಿ ಅಲ್ಲ. ದಪ್ಪ, ಸ್ವಲ್ಪ ಬೂದು ಬಣ್ಣ ಸೇರಿದ ಬಿಳಿ. ಸೊಸೈಟಿ ಗೇಟಿನ ಹತ್ತಿರ ಬಿಟ್ಟರೆ ವಾಚ್‌ಮನ್ ಕ್ಯಾಬಿನ್‌ನಲ್ಲಿ ಆಮೇಲೂ ಇರುತ್ತದೆ. ಸಿಹಿ ವಾಸನೆ ಇಲ್ಲ. ಸುಟ್ಟ ಎಣ್ಣೆಯ ಘಾಟು, ಆದರೆ ಇಂಜಿನ್ ಆಯಿಲ್ ಸುಟ್ಟಾಗ ಬರುವ ಥರ ಅಲ್ಲ. ಗಂಟಲಿಗೆ ಹಿಡಿಯುತ್ತದೆ.

ಪುಣೆ ಗ್ರೀಸ್:

ಮಾಣಿಯವರೇ, ಇಂಜಿನ್ ಇಳಿಸಬೇಡಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು.

ನೀವು ಬರೆದದ್ದರಲ್ಲೇ ಉತ್ತರ ಇದೆ. ರಿಂಗ್ ಹೋಗಿ ಸಿಗ್ನಲ್ ಮುಚ್ಚುವಷ್ಟು ಹೊಗೆ ಬಿಡುವ ಇಂಜಿನ್ ತನ್ನ ಆಯಿಲ್ ಕುಡಿಯದೆ ಇರುತ್ತದಾ? ನಿಮ್ಮದು ಇದ್ದಷ್ಟೇ ಇದೆ ಅಂತೀರಿ. ನೀರೂ ಇಳಿದಿಲ್ಲ, ವಾಸನೆ ಸಿಹಿ ಇಲ್ಲ, ಹಾಗಾಗಿ ಹೆಡ್ ಗ್ಯಾಸ್ಕೆಟ್ (ಹೋದರೆ ನೀರು ಸಿಲಿಂಡರಿಗೆ ಸೋರುತ್ತದೆ) ಕಡೆ ಸದ್ಯಕ್ಕೆ ಹೋಗುವುದು ಬೇಡ. ಇಳಿಯುತ್ತಿರುವುದು ಗೇರ್‌ಬಾಕ್ಸಿನ ಕೆಂಪು ಆಯಿಲ್ ಒಂದೇ. ಅದು ನೆಲದ ಮೇಲೆ ಬಿದ್ದಿಲ್ಲ ಅಂದರೆ ಸೈಲೆನ್ಸರ್‌ನಿಂದ ಹೋಗುತ್ತಿದೆ. ಎರಡು ರೋಗ ಅಲ್ಲ, ಒಂದೇ.

ಗೇರ್‌ಬಾಕ್ಸ್ ಆಯಿಲ್ ಇಂಜಿನ್‌ಗೆ ಹೋಗುವ ದಾರಿ ಯಾವುದು? ನಿಮ್ಮ ಪವರ್‌ಗ್ಲೈಡ್‌ನ ಪಕ್ಕದಲ್ಲಿ ಒಂದು ಸಣ್ಣ ತಗಡಿನ ಡಬ್ಬಿ ಇದೆ. ಹೆಸರು ವ್ಯಾಕ್ಯೂಮ್ ಮಾಡ್ಯುಲೇಟರ್. ಒಳಗೆ ಸ್ಪ್ರಿಂಗ್ ಮತ್ತು ರಬ್ಬರ್ ಡಯಾಫ್ರಮ್. ಡಯಾಫ್ರಮ್‌ನ ಈಚೆ ಗೇರ್‌ಬಾಕ್ಸ್, ಆಚೆ ಒಂದು ಸಣ್ಣ ಸ್ಟೀಲ್ ಪೈಪ್. ಆ ಪೈಪ್ ಮೇಲೆ ಹತ್ತಿ ನೇರ ಇಂಜಿನ್ ಗಾಳಿ-ಪೆಟ್ರೋಲ್ ಎಳೆದುಕೊಳ್ಳುವ ಇಂಟೇಕ್ ಮ್ಯಾನಿಫೋಲ್ಡ್‌ಗೆ ಸೇರುತ್ತದೆ. ಇಂಜಿನ್ ಮೇಲೆ ಎಷ್ಟು ಭಾರ ಇದೆ ಅಂತ ಗೇರ್‌ಬಾಕ್ಸ್‌ಗೆ ತಿಳಿಸುವುದು ಇದರ ಕೆಲಸ. ಆರಾಮಾಗಿ ಓಡಿಸುವಾಗ ಅಲ್ಲಿನ ವ್ಯಾಕ್ಯೂಮ್ (ಗಾಳಿ ಹೀರುವ ಎಳೆತ) ಜಾಸ್ತಿ, ಆಯಿಲ್ ಪ್ರೆಶರ್ ಕಡಿಮೆ, ಗೇರ್ ಮೆತ್ತಗೆ ಬೀಳುತ್ತದೆ. ಜೋರಾಗಿ ಒತ್ತಿದರೆ ವ್ಯಾಕ್ಯೂಮ್ ಇಳಿಯುತ್ತದೆ, ಪ್ರೆಶರ್ ಏರುತ್ತದೆ, ಗೇರ್ ಹಿಡಿಯುವ ಬ್ಯಾಂಡ್ ಮತ್ತು ಕ್ಲಚ್ ಗಟ್ಟಿಯಾಗಿ ಹಿಡಿಯುತ್ತವೆ.

ಆ ರಬ್ಬರ್ ಹರಿದರೆ? ಎಳನೀರಿಗೆ ಸ್ಟ್ರಾ ಹಾಕಿದ ಹಾಗೆ ಇಂಜಿನ್ ಗೇರ್ ಆಯಿಲ್ ಎಳೆದುಕೊಂಡು ಸುಡುತ್ತದೆ. ಥ್ರಾಟಲ್ ಮುಚ್ಚಿದಾಗ ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮ್ ಅತಿ ಹೆಚ್ಚು. ಸಿಗ್ನಲ್‌ನಲ್ಲಿ ಹೊಗೆ, ಇಳಿಜಾರು ಇಳಿದ ಮೇಲೆ ಮೋಡ ಅಂದಿರಲ್ಲ, ಸರಿಹೋಯಿತು. ರಿಂಗ್ ಆಗಿದ್ದರೆ ಉಲ್ಟಾ. ಎಳೆಯುವಾಗ, ಏರು ಹತ್ತುವಾಗ ನೀಲಿ ಹೊಗೆ. ವಾಲ್ವ್ ಸೀಲ್ ಆಗಿದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ನೀಲಿ ಉಗುಳು. ಇಳಿಜಾರಲ್ಲೂ ಬರುತ್ತದೆ ನಿಜ, ಆದರೆ ಆಗ ಇಂಜಿನ್ ಆಯಿಲ್ ಇಳಿಯಬೇಕಿತ್ತು.

ಒಂದು ಪ್ರಶ್ನೆ. ನಿಂತಲ್ಲೇ ನ್ಯೂಟ್ರಲ್‌ನಿಂದ ಡ್ರೈವ್‌ಗೆ ಹಾಕಿದಾಗ ಹೇಗೆ ಬೀಳುತ್ತದೆ?

ಚೆಂಬೂರ್ ಮಾಣಿ:

ಧಡ್ ಅಂತ. ಮಾವನವರು ಪಕ್ಕದಲ್ಲಿ ಕೂತಿದ್ದರೆ ನನ್ನ ಮುಖ ನೋಡುತ್ತಾರೆ. ಮೊದಲು ಹಾಗಿರಲಿಲ್ಲವಂತೆ. ಓಡುವಾಗ ಎರಡನೇ ಗೇರ್ ಮೊದಲಿನ ವೇಗಕ್ಕೇ ಬೀಳುತ್ತದೆ, ಆದರೆ ಬೆನ್ನಿಗೆ ಒದ್ದ ಹಾಗೆ. ಐಡಲ್ ಕೂಡ ಸ್ವಲ್ಪ ತೊದಲುತ್ತದೆ. ಮಾಡ್ಯುಲೇಟರ್ ಹೋದರೆ ಗೇರ್ ತಡವಾಗಿ ಬೀಳಬೇಕು ಅಂತ ಎಲ್ಲೋ ಓದಿದೆ. ನನ್ನದು ತಡ ಇಲ್ಲವಲ್ಲ?

ಪದ್ಮಿನಿ ಪ್ರಿಯ:

ಆಯಿಲ್ ಕಡಿಮೆ ಆದರೆ ಗೇರ್ ಹೀಗೇ ಆಡುತ್ತದೆ. ಅದರಿಂದ ಮಾಡ್ಯುಲೇಟರ್ ಅಂತ ಹೇಳಲು ಆಗಲ್ಲ.

ಪುಣೆ ಗ್ರೀಸ್:

ಪ್ರಿಯ ಅವರೇ, ಆಯಿಲ್ ಕಡಿಮೆ ಆದರೆ ಗೇರ್ ಜಾರುತ್ತದೆ. ಇಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ. ಡ್ರೈವ್‌ಗೆ ಹಾಕಿದ ಮೇಲೆ ಒಂದು ಕ್ಷಣ ಏನೂ ಆಗುವುದಿಲ್ಲ. ಒದೆಯುವುದು ಪ್ರೆಶರ್ ಜಾಸ್ತಿ ಆದಾಗ. ಮಾಡ್ಯುಲೇಟರ್‌ಗೆ ವ್ಯಾಕ್ಯೂಮ್ ಸಿಗದಿದ್ದರೆ ಗೇರ್‌ಬಾಕ್ಸ್ ಪಾಪ, ಡ್ರೈವರ್ ಪೂರ್ತಿ ಒತ್ತಿದ್ದಾನೆ ಅಂತ ತಿಳಿದು ಪ್ರೆಶರ್ ಏರಿಸಿಕೊಂಡು ಕೂರುತ್ತದೆ.

ತಡದ ವಿಷಯ. ಮಾಣಿಯವರು ಓದಿದ್ದು ಸರಿ, ಆದರೆ ಅದು ಜನರಲ್ ಮೋಟಾರ್ಸ್‌ನ ಮೂರು ಗೇರಿನ ಟರ್ಬೊ ಹೈಡ್ರಾಮ್ಯಾಟಿಕ್ 350, 400ಕ್ಕೆ. ಅವುಗಳಲ್ಲಿ ಗೇರ್ ಯಾವಾಗ ಬೀಳಬೇಕು ಅನ್ನುವುದರಲ್ಲೂ ಮಾಡ್ಯುಲೇಟರ್ ಕೈ ಇದೆ. 1962ರಿಂದ ಬಂದ ಅಲ್ಯೂಮಿನಿಯಂ ಪವರ್‌ಗ್ಲೈಡ್‌ನಲ್ಲಿ ಆ ಕೆಲಸ ಗವರ್ನರ್ (ಗಾಡಿಯ ವೇಗ ತಿಳಿಸುವ ಭಾಗ) ಮತ್ತು ಕಾರ್ಬುರೇಟರ್‌ನಿಂದ ಬರುವ ಥ್ರಾಟಲ್ ರಾಡ್ ಮಾಡುತ್ತವೆ. ಮಾಡ್ಯುಲೇಟರ್ ನೋಡಿಕೊಳ್ಳುವುದು ಪ್ರೆಶರ್ ಮಾತ್ರ. ಅದಕ್ಕೇ ನಿಮ್ಮದು ಸಮಯಕ್ಕೆ ಸರಿಯಾಗಿ ಬಿದ್ದು ಒದೆಯುತ್ತಿದೆ.

ಈಗ ಪರೀಕ್ಷೆ. ಇಂಜಿನ್ ಆರಿಸಿ, ಸೈಲೆನ್ಸರ್ ಪೈಪ್ ಪೂರ್ತಿ ತಣ್ಣಗಾಗಲಿ. ಚಕ್ರಕ್ಕೆ ಅಡ್ಡ ಕೊಟ್ಟು ಸರಿಯಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಎರಡು ಟನ್ ಹತ್ತಿರದ ಗಾಡಿಯ ಕೆಳಗೆ ಹೋಗಬೇಡಿ ಮಾರಾಯರೇ. ಮಾಡ್ಯುಲೇಟರ್ ತುದಿಯಲ್ಲಿರುವ ಸಣ್ಣ ರಬ್ಬರ್ ಹೋಸ್ ಎಳೆದು ನೋಡಿ. ಒಳಗೆ ಪೆಟ್ರೋಲ್ ವಾಸನೆ ಇದ್ದರೆ ಮೋಸ ಹೋಗಬೇಡಿ, ಮ್ಯಾನಿಫೋಲ್ಡ್‌ನಿಂದ ಸ್ವಲ್ಪ ಆವಿ ಇಳಿದಿರುತ್ತದೆ. ಕೆಂಪು ಅಥವಾ ಕಂದು ಆಯಿಲ್ ಇದ್ದರೆ ಮುಗಿಯಿತು, ಬೇರೆ ಸಾಕ್ಷಿ ಬೇಕಿಲ್ಲ.

ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪ್ ಯಾರ ಹತ್ತಿರವಾದರೂ ಸಿಕ್ಕರೆ ಡಬ್ಬಿಗೆ ನೇರ ಹಾಕಿ 15ರಿಂದ 20 ಇಂಚು (ಪಾದರಸದ ಅಳತೆ) ಎಳೆಯಿರಿ. ಮುಳ್ಳು ನಿಲ್ಲಬೇಕು. ಹಾಗೇ ಇಂಜಿನ್‌ನ ವ್ಯಾಕ್ಯೂಮ್ ಕೂಡ ಅಳೆಯಿರಿ. ಸಮುದ್ರ ಮಟ್ಟದ ಮುಂಬೈಯಲ್ಲಿ ಆರೋಗ್ಯದ ಇಂಜಿನ್ ಐಡಲ್‌ನಲ್ಲಿ 17ರಿಂದ 21 ಇಂಚು ತೋರಿಸಬೇಕು. ನಮ್ಮ ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇಲ್ಲಿ ಅದೇ ಗಾಡಿ ಎರಡು ಇಂಚಿನ ಹತ್ತಿರ ಕಡಿಮೆ ತೋರಿಸುತ್ತದೆ. ಇದು ಗೊತ್ತಿಲ್ಲದೆ ಘಾಟ್ ಹತ್ತಿ ಬಂದವರು ಇಂಜಿನ್ ಸುಸ್ತಾಯಿತು ಅಂತ ಗಾಬರಿ ಬೀಳುತ್ತಾರೆ.

ಮಡಗಾಂವ್ ಮಾಮ:

ಗ್ರೀಸ್ ಹೇಳಿದ್ದು ನೂರಕ್ಕೆ ನೂರು. ಆದರೂ ಕೆಳಗೆ ಮಲಗಿದಾಗ ಬೇರೆದನ್ನೂ ಒಮ್ಮೆ ನೋಡಿಬಿಡಿ.

ಬ್ರೇಕ್‌ಗೆ ಬೂಸ್ಟರ್ (ವ್ಯಾಕ್ಯೂಮ್ ಎಳೆತದಿಂದ ಪೆಡಲ್ ಹಗುರ ಮಾಡುವ ಡಬ್ಬಿ) ಇದೆಯಾ? ಇದ್ದರೆ ಮಾಸ್ಟರ್ ಸಿಲಿಂಡರ್‌ನ ಹಿಂದಿನ ಸೀಲ್ ಸೋರಿ ಬ್ರೇಕ್ ಆಯಿಲ್ ಬೂಸ್ಟರ್‌ಗೆ ಇಳಿಯುತ್ತದೆ, ಅಲ್ಲಿಂದ ಇದೇ ಥರ ಮ್ಯಾನಿಫೋಲ್ಡ್‌ಗೆ. ಅದೂ ಬಿಳಿ ಹೊಗೆಯೇ. ಬ್ರೇಕ್ ಆಯಿಲ್ ಮಟ್ಟ ನೋಡಿ, ಅನುಮಾನ ಇದ್ದರೆ ಬೂಸ್ಟರ್ ಹೋಸ್ ತೆಗೆದು ಮೂಸಿ.

ರೇಡಿಯೇಟರ್ ತೊಟ್ಟಿಯೊಳಗೆ ಗೇರ್ ಆಯಿಲ್ ತಂಪು ಮಾಡುವ ಕೂಲರ್ ಇರುತ್ತದೆ. ಅದು ತೂತಾದರೆ ಆಯಿಲ್ ನೀರಿಗೆ ಸೇರುತ್ತದೆ, ನೀರು ಗೇರ್‌ಬಾಕ್ಸ್‌ಗೆ ಸೇರುತ್ತದೆ, ಡಿಪ್‌ಸ್ಟಿಕ್ ಮೇಲೆ ಗುಲಾಬಿ ನೊರೆ. ಹಾಗೆ ಕಂಡರೆ ಒಂದು ಮೀಟರ್ ಕೂಡ ಓಡಿಸಬೇಡಿ, ಕ್ಲಚ್ ಪ್ಲೇಟಿನ ಲೈನಿಂಗ್ ಬಿಟ್ಟುಕೊಳ್ಳುತ್ತದೆ.

ಇನ್ನೊಂದು, ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇಂಜಿನ್-ಗೇರ್‌ಬಾಕ್ಸ್ ಕೂಡಿಸುವ ಟಾರ್ಕ್ ಕನ್ವರ್ಟರ್‌ನ ಆಯಿಲ್ ಎಲ್ಲ ಕೆಳಗಿನ ಪ್ಯಾನ್‌ಗೆ ಇಳಿದಿರುತ್ತದೆ. ಇಂಜಿನ್ ಆಫ್ ಇದ್ದಾಗ ಡಿಪ್‌ಸ್ಟಿಕ್ ಎಳೆದರೆ ತುಂಬಿ ತುಳುಕುತ್ತಿದೆ ಅನ್ನಿಸುತ್ತದೆ. ಮಾಣಿ, ನೀವು ಅಳತೆ ಹೇಗೆ ನೋಡುತ್ತಿದ್ದೀರಿ?

ಚೆಂಬೂರ್ ಮಾಣಿ:

ಗಾಡಿ ಒಂದು ಸುತ್ತು ಹಾಕಿ ಬಂದು, ಸಮ ಜಾಗದಲ್ಲಿ, ಇಂಜಿನ್ ಓಡುತ್ತಿರುವಾಗ, ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ. ಮಾವನವರ ಹತ್ತಿರ ಹಳೇ ಮ್ಯಾನ್ಯುಯಲ್ ಇದೆ, ಅದರಲ್ಲಿ ಹೇಳಿದ ಹಾಗೆ. ಗುಲಾಬಿ ನೊರೆ ಇಲ್ಲ, ಕೆಂಪಾಗಿಯೇ ಇದೆ. ಭಾನುವಾರ ಕೆಳಗೆ ಇಳಿಯುತ್ತೇನೆ.

ಪದ್ಮಿನಿ ಪ್ರಿಯ:

ಇಳಿಯಿರಿ. ಆದರೆ ಕಂಪ್ರೆಷನ್ ಕೂಡ ಚೆಕ್ ಮಾಡಿಸಿ. ಎಂಟು ಪ್ಲಗ್ ಹೇಗೂ ತೆಗೆಯಬೇಕಲ್ವಾ.

ಪುಣೆ ಗ್ರೀಸ್:

ಇದಕ್ಕೆ ನನ್ನದೂ ಒಪ್ಪಿಗೆ. ಖರ್ಚು ಏನೂ ಇಲ್ಲ. ಪ್ಲಗ್ ತೆಗೆಯುವಾಗ ಯಾವುದು ಯಾವ ಸಿಲಿಂಡರಿನದು ಅಂತ ಸಾಲಾಗಿ ಇಟ್ಟುಕೊಳ್ಳಿ. ವ್ಯಾಕ್ಯೂಮ್ ಪೈಪ್ ಮ್ಯಾನಿಫೋಲ್ಡ್‌ಗೆ ಸೇರುವ ಜಾಗಕ್ಕೆ ಹತ್ತಿರದ ಸಿಲಿಂಡರ್‌ಗಳೇ ಜಾಸ್ತಿ ಆಯಿಲ್ ಕುಡಿದಿರುತ್ತವೆ. ರಿಂಗ್ ಸವೆತ ಅಷ್ಟು ಆರಿಸಿಕೊಂಡು ಬರುವುದಿಲ್ಲ.

ಚೆಂಬೂರ್ ಮಾಣಿ:

ಸಿಕ್ಕಿತು!

ಅಳಿಯನನ್ನು ಕೆಳಗೆ ಕಳಿಸಲು ಮಾವನವರಿಗೆ ಮನಸ್ಸಿರಲಿಲ್ಲ, ಸ್ಟ್ಯಾಂಡನ್ನು ತಾವೇ ಒದ್ದು ನೋಡಿ ಆಮೇಲೆ ಬಿಟ್ಟರು. ಮಾಡ್ಯುಲೇಟರ್ ಮೇಲೆ ಮಣ್ಣು, ಗ್ರೀಸ್ ಮೆತ್ತಿ ಅದೊಂದು ಡಬ್ಬಿ ಅಂತಲೇ ಗೊತ್ತಾಗುತ್ತಿರಲಿಲ್ಲ. ರಬ್ಬರ್ ಹೋಸ್ ಕಲ್ಲಾಗಿತ್ತು, ಎಳೆದರೆ ಬರಲಿಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿದೆ. ಬಿಟ್ಟ ಕೂಡಲೇ ಸ್ಟೀಲ್ ಪೈಪಿನ ಬಾಯಲ್ಲಿ ಒಂದು ಹನಿ ಕಟ್ಟಿತು, ದಾಳಿಂಬೆ ಬಣ್ಣ. ಅದು ಬಿತ್ತು, ಇನ್ನೊಂದು ಬಂತು. ಆಮೇಲೆ ಸಣ್ಣ ಧಾರೆಯೇ ಇಳಿದು ಮೊಣಕೈವರೆಗೆ ಹರಿಯಿತು. ಪೈಪ್ ತುಂಬ ಆಯಿಲ್ ನಿಂತಿತ್ತು.

ಡಬ್ಬಿಗೆ ಕೈ ಪಂಪ್ ಹಾಕಿದರೆ ಮುಳ್ಳು ಏಳುವುದೇ ಇಲ್ಲ. ಎಷ್ಟು ಒತ್ತಿದರೂ ಸೊನ್ನೆ. ಪೈಪಿನ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದೆ. ಐಡಲ್ ತೊದಲುವುದು ನಿಂತಿತು, ಗೇಜ್ 18ರ ಹತ್ತಿರ ಗಟ್ಟಿಯಾಗಿ ನಿಂತಿತು. ಹೊಗೆ ಪೂರ್ತಿ ನಿಲ್ಲಲಿಲ್ಲ, ಆದರೆ ಕ್ರಮೇಣ ತೆಳುವಾಯಿತು.

ಪ್ಲಗ್ ವಿಷಯದಲ್ಲೂ ಗ್ರೀಸ್ ಹೇಳಿದ ಹಾಗೆಯೇ. ಹಿಂದಿನ ಎರಡು ಪ್ಲಗ್ ಒದ್ದೆ, ಮೇಲೆ ಬೂದಿ ಬಣ್ಣದ ಹೆಕ್ಕಳೆ. ಉಳಿದವು ಒಣಗಿದ ಕಂದು. ಪ್ರಿಯ ಸಾರ್, ಕಂಪ್ರೆಷನ್ ಎಂಟರಲ್ಲೂ ಹೆಚ್ಚುಕಮ್ಮಿ ಒಂದೇ ಇದೆ.

ಪದ್ಮಿನಿ ಪ್ರಿಯ:

ಒಳ್ಳೆಯದಾಯಿತು. ಹಾಗಾದರೆ ರಬ್ಬರ್ ತಿಂದದ್ದು ಇ20ಯೇ.

ಮಡಗಾಂವ್ ಮಾಮ:

ಇ20 ಕಾರ್ಬುರೇಟರ್ ಗ್ಯಾಸ್ಕೆಟ್, ಫ್ಯುಯಲ್ ಪಂಪ್ ಡಯಾಫ್ರಮ್, ಪೆಟ್ರೋಲ್ ಹೋಸ್ ಇವುಗಳನ್ನು ಕಾಡುತ್ತದೆ, ಅದು ನಿಜ. ಆದರೆ ಮಾಡ್ಯುಲೇಟರ್ ಇರುವುದು ಪೆಟ್ರೋಲ್ ದಾರಿಯಲ್ಲಿ ಅಲ್ಲ. ಬಿಸಿ ಆಯಿಲ್ ಒಂದು ಕಡೆ, ವಯಸ್ಸು ಇನ್ನೊಂದು ಕಡೆ. ನಮ್ಮ ಕರಾವಳಿಯಲ್ಲಿ ಡಬ್ಬಿಯ ತಗಡೂ ತುಕ್ಕು ಹಿಡಿಯುತ್ತದೆ. ಪ್ರತಿಯೊಂದಕ್ಕೂ ಪೆಟ್ರೋಲನ್ನೇ ಬೈದರೆ ಗಾಡಿ ರಿಪೇರಿ ಆಗುವುದಿಲ್ಲ.

ಚೆಂಬೂರ್ ಮಾಣಿ:

ಪಾರ್ಟ್ ಎಲ್ಲಿ ಸಿಗುತ್ತದೆ? ಒಪೆರಾ ಹೌಸ್ ಕಡೆ ಒಂದು ಅಂಗಡಿಯಲ್ಲಿ ಒಂದು ಮಾಡ್ಯುಲೇಟರ್ ತೋರಿಸಿದರು. ಆದರೆ ಅದಕ್ಕೆ ಚೂಡಿ (ತಿರುಪಿನ ಗೆರೆ) ಇಲ್ಲ, ನುಣ್ಣಗಿನ ಕತ್ತು. "ಷೆವರ್ಲೆದೇ, ಹಾಕಿ ನೋಡಿ" ಅಂತಾರೆ. ಕುರ್ಲಾ ಸಿಎಸ್‌ಟಿ ರೋಡ್‌ನಲ್ಲಿ ಹಳೇದು ಹುಡುಕಲಾ?

ಪುಣೆ ಗ್ರೀಸ್:

ತರಬೇಡಿ. ನುಣ್ಣಗಿನ ಕತ್ತು ಅಂದರೆ ಟರ್ಬೊ 350 ಇಲ್ಲ 400ರದ್ದು. ಅದನ್ನು ಒಂದು ಬೋಲ್ಟಿನ ಕ್ಲಾಂಪ್ ಹಿಡಿಯುತ್ತದೆ. ಪವರ್‌ಗ್ಲೈಡಿನದು ಚೂಡಿ ಇದ್ದು ತಿರುಗಿಸಿ ಕೂರಿಸುವುದು. ಹಳೇ ಮಾರ್ಕೆಟ್‌ನಲ್ಲಿ ಬಳಸಿದ್ದು ಸಿಕ್ಕರೂ ಬೇಡ. ಅದರ ರಬ್ಬರ್‌ಗೂ ನಿಮ್ಮದರಷ್ಟೇ ವಯಸ್ಸು. ಪುಣೆಯಲ್ಲಿ ನಾನಾ ಪೇಠೆಯಲ್ಲಿ ನಾನೂ ಕೇಳಿದ್ದೆ, ಯಾರೂ ಇಡುವುದಿಲ್ಲ. ಅಮೆರಿಕದಿಂದ ಹೊಸದು ತರಿಸಿ. 1965 ಒಂದೇ ವರ್ಷ 10 ಲಕ್ಷಕ್ಕೂ ಹೆಚ್ಚು ಇಂಪಾಲಾ ಮಾರಾಟವಾಗಿದೆ, ಪವರ್‌ಗ್ಲೈಡ್ 1973ರವರೆಗೆ ಬಂತು. ಹಾಗಾಗಿ ಪಾರ್ಟ್‌ಗೆ ಅಲ್ಲಿ ಬರ ಇಲ್ಲ, ಬೆಲೆಯೂ ದೊಡ್ಡದಲ್ಲ. ಕಸ್ಟಮ್ಸ್ ಮತ್ತು ಕೊರಿಯರ್ ಸೇರಿದಾಗಷ್ಟೇ ಸ್ವಲ್ಪ ಉರಿಯುತ್ತದೆ.

ಹಾಕುವಾಗ ಹಳೆಯದನ್ನು ಬಿಚ್ಚಿದ ಕೂಡಲೇ ಒಳಗಿನ ಸಣ್ಣ ವಾಲ್ವ್ ಜಾರಿ ಬೀಳಬಹುದು, ಕೆಳಗೆ ಟ್ರೇ ಇಡಿ. ಅದರ ಮೇಲೆ ಗೀರು ಇದೆಯಾ ನೋಡಿ, ತೊಳೆದು ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗೆ ಹಾಕಿ. ಕೇಸ್ ಅಲ್ಯೂಮಿನಿಯಂ, ಚೂಡಿ ಮೊದಲು ಕೈಯಲ್ಲೇ ಕೂರಲಿ. ತೆಳ್ಳಗಿನ ಪಾನಾ ಬೇಕು. ಸ್ಟೀಲ್ ಪೈಪನ್ನು ಎರಡೂ ತುದಿ ಬಿಚ್ಚಿ ತೊಳೆಯಿರಿ, ಇಲ್ಲದಿದ್ದರೆ ಒಳಗೆ ನಿಂತ ಆಯಿಲನ್ನು ಇಂಜಿನ್ ಮತ್ತೆ ಕುಡಿದು ಹೊಸ ಪಾರ್ಟಿಗೆ ಕೆಟ್ಟ ಹೆಸರು ಬರುತ್ತದೆ. ಹೋಸ್ ತುಂಡುಗಳು ಹೊಸದು, ವ್ಯಾಕ್ಯೂಮ್‌ಗೆ ಚಪ್ಪಟೆಯಾಗದ ದಪ್ಪ ಗೋಡೆಯವು.

ಪಾರ್ಟ್ ಬರುವವರೆಗೆ ಮುಚ್ಚಳ ಹಾಕಿಕೊಂಡು ಓಡಿಸಬೇಡಿ. ಹೊಗೆ ಇರುವುದಿಲ್ಲ, ಆದರೆ ಪ್ರೆಶರ್ ಯಾವಾಗಲೂ ಏರಿಯೇ ಇರುತ್ತದೆ, ಒದೆತ ಎಲ್ಲ ಗೇರ್‌ಬಾಕ್ಸ್ ಮೇಲೆ.

ಡೊಂಬಿವಲಿ ಡೀಸೆಲ್:

ನನ್ನದು ಬೆಂಜ್ ಡಬ್ಲ್ಯು123, 300ಡಿ ಆಟೋಮ್ಯಾಟಿಕ್. ಅದರಲ್ಲೂ ಇಂಥ ಡಬ್ಬಿ ಇದೆ. ಡೀಸೆಲ್‌ಗೆ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಎಲ್ಲಿಂದ ಬರುತ್ತದೆ?

ಪುಣೆ ಗ್ರೀಸ್:

ಬರುವುದಿಲ್ಲ. ಡೀಸೆಲ್‌ನಲ್ಲಿ ಪೆಟ್ರೋಲ್ ಇಂಜಿನ್ ಥರದ ಥ್ರಾಟಲ್ ಇಲ್ಲ. ನಿಮ್ಮ ಗಾಡಿಗೆ ಇಂಜಿನ್ ಓಡಿಸುವ ಬೇರೆ ವ್ಯಾಕ್ಯೂಮ್ ಪಂಪ್ ಇದೆ. ಡಯಾಫ್ರಮ್ ಹರಿದರೆ ಆಯಿಲ್ ವ್ಯಾಕ್ಯೂಮ್ ಲೈನ್ ಹಿಡಿದು ಪಂಪ್ ಕಡೆ ಹೋಗುತ್ತದೆ. ಪರೀಕ್ಷೆ ಅದೇ, ಹೋಸ್ ಎಳೆದು ನೋಡಿ. ಅದರ ಗೇರ್ ಮೆತ್ತಗಿದೆಯೋ ಒರಟೋ ಅನ್ನುವ ವಿಷಯಕ್ಕೆ ಬೇರೆ ಎಳೆ ಶುರು ಮಾಡಿ, ಇಲ್ಲಿ ಇಂಪಾಲಾ ಮುಗಿಯಲಿ.

ಚೆಂಬೂರ್ ಮಾಣಿ:

ಹೊಸದು ಬಂತು, ಹಾಕಿದ್ದಾಯಿತು. ಮೊದಲ ಸುತ್ತಿನಲ್ಲಿ ಹೊಗೆ ಹಾಗೇ ಇತ್ತು, ಎದೆ ಒಡೆಯಿತು. ಸೈಲೆನ್ಸರ್ ಒಳಗೆ ನಿಂತ ಆಯಿಲ್ ಇರಬೇಕು ಅಂತ ಫ್ರೀವೇಗೆ ಹತ್ತಿಸಿ ಆರೆಂಜ್ ಗೇಟ್‌ವರೆಗೆ ಓಡಿಸಿದೆ. ವಾಪಸ್ ಬರುವಷ್ಟರಲ್ಲಿ ಶುದ್ಧ. ಡ್ರೈವ್‌ಗೆ ಹಾಕಿದರೆ ಈಗ ಸೂಜಿಯಷ್ಟು ಅಲುಗಾಟ, ಅಷ್ಟೇ. ವ್ಯಾಕ್ಯೂಮ್ ಸೋರಿಕೆ ನಿಂತಿದ್ದರಿಂದ ಐಡಲ್ ಏರಿತ್ತು, ಕಾರ್ಬುರೇಟರ್ ಸ್ಕ್ರೂ ಸ್ವಲ್ಪ ಹಿಂದಕ್ಕೆ ತಿರುಗಿಸಿದೆ.

ಮಿಸ್ತ್ರಿಗೆ ಹಳೇ ಡಬ್ಬಿ ತೋರಿಸಿದೆ. "ಇಂಜಿನ್ ಕೆಲಸ ಮುಂದೆ ಬಂದೇ ಬರುತ್ತದೆ" ಅಂದ.

ಎರಡು ವಿಷಯ ಉಳಿದಿದೆ. ಮ್ಯಾನ್ಯುಯಲ್‌ನಲ್ಲಿ ಟೈಪ್ ಎ ಆಯಿಲ್ ಅಂತ ಇದೆ, ಅಂಗಡಿಯಲ್ಲಿ ಡೆಕ್ಸ್‌ರಾನ್ ಕೊಟ್ಟರು. ಸರಿನಾ? ಮತ್ತೆ ರಟ್ಟಿನ ಮೇಲೆ ಹಿಂಭಾಗದಲ್ಲಿ ಬೀಳುತ್ತಿದ್ದ ಸಣ್ಣ ಕಲೆ ಈಗಲೂ ಇದೆ.

ಮಡಗಾಂವ್ ಮಾಮ:

ಟೈಪ್ ಎ ಜಾಗಕ್ಕೇ ಜನರಲ್ ಮೋಟಾರ್ಸ್ ಡೆಕ್ಸ್‌ರಾನ್ ತಂದದ್ದು, ಧೈರ್ಯವಾಗಿ ಹಾಕಿ. ಹಳೇ ಫೋರ್ಡ್‌ಗಳ ಟೈಪ್ ಎಫ್ ಬೇರೆ ಜಾತಿ, ಅದು ಬೇಡ. ಡಿಪ್‌ಸ್ಟಿಕ್‌ನಲ್ಲಿ ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಅರ್ಧ ಲೀಟರ್ ಕೂಡ ಹಿಡಿಯುವುದಿಲ್ಲ, ಸ್ವಲ್ಪ ಸ್ವಲ್ಪವೇ ಹಾಕಿ. ಜಾಸ್ತಿಯಾದರೆ ಒಳಗೆ ನೊರೆ ಎದ್ದು ಬ್ರೀದರ್‌ನಿಂದ ಉಕ್ಕುತ್ತದೆ, ಆಗ ಮತ್ತೆ ಸೋರಿಕೆ ಹುಡುಕಲು ಹೊರಡುತ್ತೀರಿ.

ಹಿಂಭಾಗದ ಕಲೆ ಗೇರ್‌ಬಾಕ್ಸಿನ ಹಿಂದಿನ ತುದಿಯ ಟೇಲ್ ಶಾಫ್ಟ್ ಸೀಲ್‌ನಿಂದ ಇರಬೇಕು. ಬರೀ ಸೀಲ್ ತಂದು ಹೊಡೆಯಬೇಡಿ. ಮೊದಲು ಪ್ರೊಪೆಲ್ಲರ್ ಶಾಫ್ಟ್‌ನ ಮುಂದಿನ ಯೋಕ್ (ಗೇರ್‌ಬಾಕ್ಸಿನೊಳಗೆ ಸೇರುವ ತುದಿ) ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಆಟ ಜಾಸ್ತಿ ಇದ್ದರೆ ಒಳಗಿನ ಬುಶ್ ಸವೆದಿದೆ, ಹೊಸ ಸೀಲ್ ಕೂಡ ಬಾಳುವುದಿಲ್ಲ. ಯೋಕ್ ಮೇಲೆ ಸೀಲ್ ಕೂರುವ ಜಾಗದಲ್ಲಿ ಬೆರಳುಗುರು ಆಡಿಸಿ, ಗೀರು ಸಿಕ್ಕಿದರೆ ಅದನ್ನೂ ಪಾಲಿಶ್ ಮಾಡಿಸಿ.

ಚೆಂಬೂರ್ ಮಾಣಿ:

ಅಲುಗಾಡಿಸಿದೆ. ಆಟ ಇದೆ. ಬುಶ್ ಒತ್ತಿ ಕೂರಿಸುವ ಒಳ್ಳೆಯ ಲೇತ್ ಅಂಗಡಿ ಚೆಂಬೂರ್‌ನಿಂದ ಠಾಣೆಯವರೆಗೆ ಯಾರಿಗಾದರೂ ಗೊತ್ತಾ?

ಪದ್ಮಿನಿ ಪ್ರಿಯ:

ಗೊತ್ತು. ನಮ್ಮ ಅಪ್ಪನ ಗಾಡಿ ಕೆಲಸ ಎಲ್ಲ ಅಲ್ಲೇ ಆಗುತ್ತಿತ್ತು. ಖಾಸಗಿಯಾಗಿ ಮೆಸೇಜ್ ಹಾಕಿದ್ದೇನೆ, ಶನಿವಾರ ನಾನೂ ಬರುತ್ತೇನೆ. ಇಂಪಾಲಾದಲ್ಲೇ ಬನ್ನಿ.